ರಸ್ತೆ ಬದಿಯ ನಿದ್ದೆ

ಮಗಳು ಅಮ್ಮನ ಉಗುರುಗಳನ್ನು ಉಜ್ಜುತ್ತಲೇ ಇದ್ದಳು. ಸೋಪಿನ ನೀರು ಬದಲಾಯಿಸಿದ್ದಾಯಿತು. ಬೆರಳ ಸಂದಿಯ ಕಪ್ಪು ಮಾತ್ರ ಹಾಗೇ ಇತ್ತು.

"ಸಾಕು ಬಿಡೇ," ಎಂದಳು ಚಿಕ್ಕಮ್ಮ. "ಬದುಕಿದ್ದಾಗಲೇ ಹೋಗದ್ದು ಈಗ ಹೋಗುತ್ತಾ?"

ಹೆದ್ದಾರಿ ಬದಿಯ ಕಸ ಆರಿಸುವ ಕೆಲಸದಲ್ಲಿ ಅಮ್ಮನ ಜೊತೆಗಿದ್ದಾಕೆ ಬಾಗಿಲ ಬಳಿ ಗೋಡೆಗೊರಗಿ ಕೂತಿದ್ದಳು. ನಿನ್ನೆ ಅವಳಿಗೆ ರಜೆ.

"ಕಾರಿಂದ ಬಾಳೆಹಣ್ಣಿನ ಸಿಪ್ಪೆ ಬಂದು ತಲೆ ಮೇಲೆ ಬಿದ್ರೆ, 'ಪುಣ್ಯಾತ್ಮ, ಡಯಾಪರ್ ಎಸೀಲಿಲ್ವಲ್ಲ' ಅಂತಿದ್ಲು ನಿಮ್ಮಕ್ಕ."

ಚಿಕ್ಕಮ್ಮ ನಗಲು ಹೋಗಿ ಅಂಗೈಯನ್ನು ಬಾಯಿಗೆ ಒತ್ತಿಕೊಂಡಳು.

ಮಗಳಿಗೆ ನಗು ಬರಲಿಲ್ಲ. "ಸ್ವಲ್ಪ ಮುಂಚೆ ತಂದಿದ್ರೆ ಉಳೀತಿದ್ರು" ಎಂದ ಡಾಕ್ಟರ ಮಾತು ಕಿವಿಯಲ್ಲೇ ಕೂತಿತ್ತು. ಎದೆನೋವು ಬಂದು ಅಮ್ಮ ಒರಗಿದ್ದು ಮಧ್ಯಾಹ್ನ. ಕಸದ ಲಾರಿಯವರು ನೋಡಿದ್ದು ಸಂಜೆ. ಅಷ್ಟೊಂದು ಗಾಡಿ ಓಡಾಡುವ ರಸ್ತೆಯಲ್ಲಿ ಒಬ್ಬರಾದರೂ ನಿಲ್ಲಿಸಲಿಲ್ಲವೇ? ಅದೊಂದು ಗೊತ್ತಾಗದೆ ಅವಳಿಗೆ ಅಳುವುದಕ್ಕೂ ಆಗುತ್ತಿರಲಿಲ್ಲ.

*

ಶಾಲೆ ಬಿಟ್ಟ ವರ್ಷ ಮಗಳೂ ಅಮ್ಮನ ಜೊತೆ ಹೋಗುತ್ತಿದ್ದಳು. ಆ ರಸ್ತೆಯಲ್ಲಿ ಹೆಸರಿಗೂ ಒಂದು ಮರವಿಲ್ಲ. ಕಸ ತುಂಬಿದ ಚೀಲಗಳನ್ನು ಲಾರಿ ಬರುವತನಕ ಒಂದರ ಮೇಲೊಂದು ಒಟ್ಟಿ, ಅವಕ್ಕೇ ಒರಗಿ ನೆರಳಲ್ಲಿ ಅಮ್ಮ ಕಾಲು ಚಾಚುತ್ತಿದ್ದಳು. ಮುಖದ ಮೇಲೆ ಟವೆಲ್.

"ನಾತ ಬರಲ್ವೇನಮ್ಮಾ?"

"ನಾತ ನೆಂಟರ ಹಾಗೆ, ಸ್ವಲ್ಪ ಹೊತ್ತಿಗೆ ಒಗ್ಗಿಹೋಗುತ್ತೆ. ಈ ಬಿಸಿಲು ಒಗ್ಗಲ್ಲ ನೋಡು."

ರಸ್ತೆಯಾಚೆಯ ಪಂಕ್ಚರ್ ಅಂಗಡಿಯವನು ಕೂಗುತ್ತಿದ್ದ: "ಏನಕ್ಕಾ, ಮೆತ್ತನೆ ಹಾಸಿಗೆ ಹಾಕಿಸ್ಕೊಂಡ್ಯಲ್ಲ!"

"ನಿನ್ನ ಟ್ಯೂಬಿಗಿಂತ ವಾಸಿ ಕಣೋ," ಅಮ್ಮ ಟವೆಲಿನೊಳಗಿಂದಲೇ ಅನ್ನುತ್ತಿದ್ದಳು. "ಗಾಳಿ ಹೋಗಲ್ಲ."

*

ಅದೇ ಪಂಕ್ಚರ್ ಅಂಗಡಿಯವನು ಈಗ ಒಳಗೆ ಬರಲೂ ಆಗದೆ, ಹೋಗಲೂ ಆಗದೆ ಗೇಟಿನ ಹತ್ತಿರ ನಿಂತಿದ್ದ. ಮಗಳು ಒದ್ದೆ ಕೈಯಲ್ಲೇ ಎದ್ದು ಹೋದಳು.

"ಮಾಮ, ನಿಮಗೆ ಕಾಣಿಸ್ತಿತ್ತಲ್ಲ."

"ಮಲಗಿದಾಳೆ ಅಂದ್ಕೊಂಡೆ ಕಣಮ್ಮ. ದಿನಾ ಹಾಗೇ ಮಲಗ್ತಿದ್ಲಲ್ಲ. ತಮಾಷೆಗೆ ಕೂಗಿದೆ. ಮಾತಾಡಲಿಲ್ಲ. ಸುಸ್ತಾಗಿರಬೇಕು ಅಂತ..."

"ಯಾರೂ ನಿಲ್ಲಿಸಲೇ ಇಲ್ವಾ?"

ಅವನು ಗೇಟಿನ ಚಿಲಕ ಎತ್ತಿ ಮತ್ತೆ ಇಳಿಸಿದ.

"ಒಂದು ಕಾರು ನಿಲ್ತು."

ಮಗಳು ಅವನ ತೋಳು ಹಿಡಿದುಕೊಂಡಳು. "ಇಳಿದ್ರಾ?"

"ಒಬ್ಬರು ಹೆಂಗಸು. ಇಳಿದ್ರು."

"ಅಮ್ಮನ ಹತ್ತಿರ ಹೋದ್ರಾ?"

"ಹೋದ್ರು." ಅವನು ಅವಳ ಮುಖ ನೋಡಲಿಲ್ಲ. "ಕೈಲಿ ಕಸದ ಕವರ್ ಇತ್ತು. ಎಸೀಲಿಲ್ಲಮ್ಮ. ಬಗ್ಗಿ, ಸದ್ದಾಗದ ಹಾಗೆ, ನಿಮ್ಮಮ್ಮನ ಕಾಲ ಹತ್ತಿರ ಇಟ್ರು. ಕಾರಲ್ಲಿದ್ದ ಮಗು ಏನೋ ಕಿರುಚ್ತು. ಆಯಮ್ಮ ತಿರುಗಿ, ಹೀಗೆ..."

ಅವನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಒಳಗಿನಿಂದ ಚಿಕ್ಕಮ್ಮ ಕರೆಯುತ್ತಿದ್ದಳು. ಆ ಬೆರಳನ್ನು ತೆಗೆಯುವುದು ಅವನಿಗೆ ಮರೆತೇಹೋಗಿತ್ತು.