ದುವಾ ಓದಿದ್ದು ನೀರಿಗೆ

ಬಾಟಲಿಯ ಕೊಳವೆಯಿಂದ ನೀರು ಬರುತ್ತಿಲ್ಲ ಎಂದು ಮಗಳು ಕೈಸರಾ ಮೂತಿ ಉಬ್ಬಿಸಿಕೊಂಡು ಕೊಟ್ಟು ಹೋಗದಿದ್ದರೆ ಝುರೈದಾ ಆ ಮುಚ್ಚಳವನ್ನು ಬಿಚ್ಚುತ್ತಲೇ ಇರಲಿಲ್ಲ. ಬಿಚ್ಚಿದಳು. ಒಳಗಿನ ರಬ್ಬರ್ ಉಂಗುರವನ್ನು ಹಲ್ಲುಕಡ್ಡಿಯ ತುದಿಯಿಂದ ಎತ್ತಿದಳು.

ಉಂಗುರದ ಅಡಿಯೆಲ್ಲ ಕಪ್ಪು ಬೂಷ್ಟು. ಕೊಳವೆಯೊಳಗೆ ಮೂಗಿನ ಸಿಂಬಳದಂಥ ಲೋಳೆ. ಮೂಸಿ ನೋಡಿದಳು, ಹಳಸಿದ ನಾತ. ಇದನ್ನೇ ಮಗು ಬೆಳಗಿಂದ ಸಂಜೆವರೆಗೆ ಹೀರುತ್ತಿತ್ತಲ್ಲ, ಅಯ್ಯೋ ಪಾಪಿ!

ಪಾಪಿ ಅಂದದ್ದು ಯಾರನ್ನು ಅಂತೀರಿ? ತನ್ನನ್ನೇ. ಆ ಬಾಟಲಿಯ ಕೆಲಸ ಇಡೀ ಅವಳದು. ಬೇರೆ ಯಾರನ್ನೂ ಅವಳು ಮುಟ್ಟಲು ಬಿಡುತ್ತಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಪ್ರತಿ ಗುರುವಾರ ಸಂಜೆ ಕೇರಿಯ ಸುರಾವಿನಲ್ಲಿ, ಅಂದರೆ ಸಣ್ಣ ನಮಾಜ್ ಮನೆಯಲ್ಲಿ, ಹೆಂಗಸರು ಸೇರಿ ಕುರಾನಿನ ಯಾಸೀನ್ ಅಧ್ಯಾಯ ಓದಿ ದುವಾ ಬೇಡುತ್ತಿದ್ದರು. ದುವಾದ ಪುಣ್ಯ ನೀರಿಗೂ ಇಳಿಯಲಿ ಎಂದು ನಡುವೆ ನೀರಿನ ಜಗ್ಗುಗಳನ್ನು ಮುಚ್ಚಳ ತೆಗೆದು ಇಟ್ಟಿರುತ್ತಿದ್ದರು. ಓದು ಮುಗಿದ ಮೇಲೆ ಝುರೈದಾ ತನ್ನ ಜಗ್ಗನ್ನು ಮನೆಗೆ ತಂದು, ಆ ನೀರನ್ನು ವಾರವಿಡೀ ಮಗಳ ಬಾಟಲಿಗೆ ಸುರಿಯುತ್ತಿದ್ದಳು. ಮಗಳು ಜಾಣೆಯಾಗಲಿ, ದೃಷ್ಟಿ ತಾಗದಿರಲಿ ಅಂತ. ಓದಿದ ನೀರನ್ನು ಬಚ್ಚಲಿಗೆ ಚೆಲ್ಲಬಾರದು ಎಂದು ಅವಳ ತಾಯಿ ಸಣ್ಣಂದಿನಲ್ಲೇ ಹೇಳಿದ್ದರು. ಸರಿ, ಬಾಟಲಿಯಲ್ಲಿ ಅರ್ಧ ಉಳಿದಿದ್ದರೆ ಅದರ ಮೇಲೇ ಹೊಸದನ್ನು ತುಂಬಿಸುವುದು. ಖಾಲಿ ಮಾಡಿದರೆ ತಾನೆ ತೊಳೆಯುವ ಮಾತು! ಕೆಲಸವೂ ಉಳಿಯಿತು, ಭಕ್ತಿಯೂ ಆಯಿತು. ಸೋಮಾರಿತನಕ್ಕೆ ಇಂಥ ಒಳ್ಳೆಯ ಹೊದಿಕೆ ಸುಲಭಕ್ಕೆ ಸಿಗುವುದಿಲ್ಲ.

ಕೈಸರಾಳ ಹೊಟ್ಟೆ ಕೆಟ್ಟು ಆಗಲೇ ಬಹಳ ದಿನವಾಗಿತ್ತು. ತೆಮೆರ್ಲೋ ಪೇಟೆಯ ಡಾಕ್ಟರು, ‘ಹಳಸಿದ್ದು ಏನಾದರೂ ಹೊಟ್ಟೆಗೆ ಹೋಗ್ತಿದೆಯಾ?’ ಎಂದು ಕೇಳಿದಾಗ ಝುರೈದಾಳಿಗೆ ಕ್ಷಣ ಯೋಚಿಸುವ ಅಗತ್ಯವೂ ಬೀಳಲಿಲ್ಲ.

“ನಮ್ಮತ್ತೆ ಮಾಡೋ ತೆಂಪೊಯಾಕ್ ಡಾಕ್ಟ್ರೇ. ದುರಿಯನ್ ಹಣ್ಣಿಗೆ ಉಪ್ಪು ಹಾಕಿ ಕೊಳೆಸಿ ಇಟ್ಟಿರ್ತಾರೆ. ಮಗೂಗೆ ಮೀನು ಸಾರಲ್ಲಿ ದಿನಾ ಅದೇ.”

ಅತ್ತೆ ಮಕ್ ಕಲ್ಸೋಮ್ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಹುಳಿ ಬರಿಸುವುದಕ್ಕೂ ಕೊಳೆಸುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದ ಸೊಸೆಗೆ ಏನಂತ ಹೇಳಿಯಾರು! ಮನೆಗೆ ಬಂದವರೇ ಜಾಡಿಯನ್ನು ಹಿತ್ತಿಲಿಗೆ ಒಯ್ದು, ಗುಂಡಿ ತೋಡಿ, ಇದ್ದಷ್ಟನ್ನೂ ಮಣ್ಣಿಗೆ ಹಾಕಿದರು. ಜಾಡಿ ತೊಳೆದು ಬಿಸಿಲಿಗೆ ಬೋರಲು ಹಾಕಿದರು. ಅದು ಗಂಡ ತಮ್ಮ ಕೈಯಾರೆ ನೆಟ್ಟ ಮರದ ಹಣ್ಣು. ಗಂಡ ಹೋದರು, ಕಳೆದ ಪ್ರವಾಹದಲ್ಲಿ ಮರವೂ ಉರುಳಿತು. ಉಳಿದದ್ದು ಆ ಒಂದು ಜಾಡಿ. ಝುರೈದಾಳಿಗೂ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ, ‘ಸದ್ಯ, ಮನೆಯ ನಾತ ಹೋಯ್ತು’ ಅಂದಿದ್ದಳು, ಅತ್ತೆಗೆ ಕೇಳುವ ಹಾಗೆ.

ಈಗ ನೋಡಿ, ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು.

ನಡುಮನೆಯ ಬಾಗಿಲ ಬಳಿ ಅತ್ತೆಯ ಬಟ್ಟೆಯ ಚೀಲ ಕಟ್ಟಿ ಇಟ್ಟಿತ್ತು. ನಾಳೆ ಬೆಳಗಿನ ಬಸ್ಸಿಗೆ ಜೆರಂತುತ್‌ನ ಮಗಳ ಮನೆಗೆ. ‘ನನ್ನ ಕೈಯಡುಗೆ ಈ ಮನೆಗೆ ಆಗಿಬರಲಿಲ್ಲ’ ಅಂದಿದ್ದರು ಅಷ್ಟೇ. ಒಂದು ರಾತ್ರಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಬಾಟಲಿ ಕಸಕ್ಕೆ, ಅತ್ತೆ ಬಸ್ಸಿಗೆ. ಲಾರಿ ಓಡಿಸುವ ಗಂಡ ಕ್ವಾಂತಾನ್‌ನಿಂದ ಬಂದಾಗ, ಅವರೇ ಹೊರಟರು ಅಂದರಾಯಿತು. ಯಾರಿಗೆ ಗೊತ್ತಾಗಬೇಕು?

ಝುರೈದಾ ಬಾಟಲಿಯನ್ನು ತಲೆವಸ್ತ್ರದ ತುದಿಯಡಿ ಮುಚ್ಚಿಕೊಂಡು ಕಸದ ಬುಟ್ಟಿಯ ತನಕ ಹೋದಳು. ಹಿತ್ತಿಲ ಕಟ್ಟೆಯ ಮೇಲೆ ಆ ಜಾಡಿ ಇನ್ನೂ ಬೋರಲಾಗಿಯೇ ಇತ್ತು. ಅವಳ ಕೈ ಮುಂದೆ ಹೋಗಲಿಲ್ಲ. ತಿರುಗಿ ಬಂದು, ಅಡುಗೆಮನೆಯಲ್ಲಿ ಪಾತಿನ್ ಮೀನು ಹೆಚ್ಚುತ್ತಿದ್ದ ಅತ್ತೆಯ ಮುಂದೆ ಉಂಗುರ, ಕೊಳವೆ, ಬಾಟಲಿ ಎಲ್ಲವನ್ನೂ ಇಟ್ಟಳು.

“ಮಕ್... ಇದು ನೋಡಿ. ಮಗು ಹೊಟ್ಟೆ ಕೆಡಿಸಿದ್ದು ಇದು. ನಿಮ್ಮ ತೆಂಪೊಯಾಕ್ ಅಲ್ಲ.”

ಮಕ್ ಕಲ್ಸೋಮ್ ಕನ್ನಡಕ ಮೇಲೇರಿಸಿ ನೋಡಿದರು.

“ಯಾವಾಗ ತೊಳೆದಿದ್ದೆ?”

“ತೊಳೆದಿಲ್ಲ. ದುವಾ ಓದಿದ ನೀರಲ್ವಾ, ಚೆಲ್ಲಬಾರದು ಅಂತ ಮೇಲ್ಮೇಲೆ ತುಂಬಿಸ್ತಾ...”

“ದುವಾ ಓದಿದ್ದು ನೀರಿಗೆ ಕಣೇ, ಬಾಟಲಿಗಲ್ಲ!” ಚೂರಿಯನ್ನು ಹಲಗೆಯ ಮೇಲೆ ಕುಕ್ಕಿದರು. “ಚೆಲ್ಲಬಾರದು ಅಂದ್ರೆ ಗಿಡದ ಬುಡಕ್ಕೆ ಹಾಕಬೇಕಿತ್ತು. ಡಾಕ್ಟ್ರ ಮುಂದೆ ನನ್ನ ಮಾನ ಕಳೆಯೋಕೆ ಮುಂಚೆ ಒಂದು ಸಲ ಈ ಮುಚ್ಚಳ ಬಿಚ್ಚೋಕೆ ಏನಾಗಿತ್ತು ನಿಂಗೆ?”

“ತಪ್ಪಾಯ್ತು, ಮಕ್.”

“ಆಯ್ತಲ್ಲ. ಆ ಜಾಡೀಲಿದ್ದದ್ದು ವಾಪಸ್ ಬರುತ್ತಾ?”

ಬರುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಝುರೈದಾ ನಿಂತಲ್ಲೇ ಅತ್ತಳು. ಅತ್ತೆ ಸಮಾಧಾನ ಮಾಡಲಿಲ್ಲ.

ಉಳಿದ ನೀರನ್ನು ಹಿತ್ತಿಲ ಪಾಂಡಾನ್ ಗಿಡದ ಬುಡಕ್ಕೆ ಸುರಿದು ಬಂದಳು. ಉಂಗುರವನ್ನೂ ಕೊಳವೆಯನ್ನೂ ಕಸಕ್ಕೆ ಹಾಕಿದಳು; ಅವಕ್ಕೆ ಇನ್ನು ಉದ್ಧಾರವಿರಲಿಲ್ಲ, ಪೇಟೆಯಿಂದ ಹೊಸದು ತರಬೇಕು. ಬಾಟಲಿಗೆ ಸೋಡಾಪುಡಿ, ಬಿಸಿನೀರು, ಒಂದು ಹಿಡಿ ಅಕ್ಕಿ ಹಾಕಿ ತೋಳು ಸೋಲುವ ತನಕ ಕುಲುಕಿದಳು. ಮುಚ್ಚಳದ ಸಂದುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಳು. ಬೂಷ್ಟು ಬಿಡುತ್ತಾ ಬಂತು. ಎದೆಯಲ್ಲಿದ್ದದ್ದು ಬಿಡಲಿಲ್ಲ.

ಅಷ್ಟರಲ್ಲಿ ಕೈಸರಾ ಮೀನಿನ ವಾಸನೆ ಹಿಡಿದು ಬಂದು ಅಜ್ಜಿಯ ಸೊಂಟ ತಬ್ಬಿದಳು.

“ವಾನ್, ನನ್ನ ಹೊಟ್ಟೆ ಸರಿಯಾದ ಮೇಲೆ ತೆಂಪೊಯಾಕ್ ಸಾರು ಮಾಡ್ತೀಯಾ?”

ಮಕ್ ಕಲ್ಸೋಮ್ ಸೊಸೆಯ ಕಡೆ ನೋಡಿದರು. “ನಿಮ್ಮಮ್ಮನ್ನ ಕೇಳು.”

ಝುರೈದಾ ನಲ್ಲಿ ನಿಲ್ಲಿಸಿದಳು. “ಅದು ಇಲ್ಲ ಮಗಳೇ. ಮಣ್ಣಿಗೆ ಹಾಕಿಸಿಬಿಟ್ಟೆ.”

“ಯಾಕೆ? ಕೆಟ್ಟುಹೋಗಿತ್ತಾ?”

ಹೌದು ಅಂದರೆ ಮುಗಿಯುತ್ತಿತ್ತು. ಬಾಗಿಲ ಬಳಿ ಚೀಲ ಹಾಗೇ ಇತ್ತು.

“ಇಲ್ಲ,” ಅಂದಳು. “ಅದು ಚೆನ್ನಾಗಿತ್ತು. ಅಜ್ಜನ ಮರದ್ದು. ಕೆಟ್ಟಿದ್ದು ನಾನು ತುಂಬಿಸಿ ಕೊಡ್ತಿದ್ದ ನೀರು.”

ಮಗುವಿಗೆ ಏನು ತಿಳಿಯಿತೋ, ಆಟಕ್ಕೆ ಓಡಿತು. ಮಕ್ ಕಲ್ಸೋಮ್ ಮೀನಿನ ತುಂಡುಗಳನ್ನೆಲ್ಲ ತಟ್ಟೆಗೆ ಹಾಕಿದರು. ಆಮೇಲೆ ತಟ್ಟೆಯನ್ನು ಸೊಸೆಯ ಕಡೆಗೆ ತಳ್ಳಿದರು.

“ಅರಿಸಿನ ಹಚ್ಚು,” ಅಂದರು.