ಕಿಟಕಿ ಸೀಟಿನ ರೇನ್‌ಕೋಟು

ಮಳೆಕಾಡಿನಿಂದ ಬಂದು ಹದಿನೆಂಟು ದಿನ ಕಳೆದಿತ್ತು. ಅಲ್ಲಿ ಏನಾಯಿತು ಎಂದು ಕೇಳಿದರೆ ನಾವು ಮೂವರೂ ಇನ್ನೂ ಮೂರು ಥರ ಹೇಳುತ್ತಿದ್ದೆವು. ಮೂವರೆಂದರೆ ನಾನು, ರಿತೇಶ್, ಅವನ ಅಕ್ಕ ಅಶ್ಮಿತಾ. ರಿತೇಶ್ ಮತ್ತು ನಾನು ಮುಂಬೈ ಹತ್ತಿರದ ಘಣಸೋಲಿಯ ಒಂದೇ ಕಂಪನಿಯಲ್ಲಿದ್ದೇವೆ. ಅವನು ಹುಟ್ಟಿ ಬೆಳೆದದ್ದೇ ಡೊಂಬಿವಲಿಯಲ್ಲಿ. ನಾನು ಮೈಸೂರಿನಿಂದ ಬಂದು ಮೂರು ವರ್ಷವಾಯಿತು. ಅಶ್ಮಿತಾ ಬೇಲಾಪುರದಲ್ಲಿ ಒಬ್ಬ ವಕೀಲರ ಆಫೀಸಿಗೆ ಹೋಗುತ್ತಾಳೆ.

ಆ ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋದದ್ದು ಒಂದು ಇಮೇಲಿಗಾಗಿ. ತಮಿಳುನಾಡು ಗಡಿಯಲ್ಲಿರುವ ಕೇರಳದ ಆ ಪಾರ್ಕಿನ ಕಚೇರಿಯಿಂದ ಅದು ಮೂವರಿಗೂ ಬೇರೆ ಬೇರೆಯಾಗಿ ಬಂದಿತ್ತು. ಕೇಳಿದ್ದು ಒಂದೇ ಪ್ರಶ್ನೆ. ಜೀಪು ಹೊರಡುವ ಮೊದಲು ಗೈಡ್ ಮರುದನ್ ತಲೆ ಎಣಿಸಿದನೇ, ಇಲ್ಲವೇ? ಸೋಮವಾರದೊಳಗೆ ಬರೆದು ಸಹಿ ಹಾಕಿ ಕಳಿಸಬೇಕು. ಎಣಿಸಿಲ್ಲ ಎಂದಾದರೆ ಮರುದನ್ ಗತಿ ಏನು ಎಂದು ಅದರಲ್ಲಿ ಬರೆದಿರಲಿಲ್ಲ. ಆತ ದಿನಗೂಲಿಯವ. ಬರೆಯುವ ಅಗತ್ಯವೂ ಇರಲಿಲ್ಲ.

ವಿಚಾರಣೆಗೆ ಕಾರಣ ರಿತೇಶ್‌ನ ವಿಡಿಯೋ. ಆ ದಿನ ನಾವೆಲ್ಲ ಜೀಪಿನಲ್ಲಿ ಗೇಟಿಗೆ ವಾಪಸ್ಸು ಬಂದೆವು, ಅವನೊಬ್ಬ ಕಾಡಿನೊಳಗೆ ಉಳಿದುಬಿಟ್ಟಿದ್ದ. ಮೂರು ತಾಸಾದ ಮೇಲೆ ಮರುದನ್ನೇ ಹೋಗಿ ಕರೆತಂದ. ಡೊಂಬಿವಲಿಗೆ ಬಂದ ಮರುದಿನ ರಿತೇಶ್ ಕಾಲಿನ ಜಿಗಣೆ ಗಾಯ ತೋರಿಸುತ್ತ, ಗೈಡ್ ನನ್ನನ್ನು ಆನೆಗಳ ನಡುವೆ ಬಿಟ್ಟುಹೋದ ಎಂದು ವಿಡಿಯೋ ಹಾಕಿದ. ಅರವತ್ತು ಸಾವಿರ ಜನ ನೋಡಿದರು.

ಬಾಗಿಲು ತೆಗೆದದ್ದು ಜಯಲತಾ ಆಂಟಿ, ಅವರಿಬ್ಬರ ತಾಯಿ. ಅಂಕಲ್ ಕಲ್ಯಾಣದ ತಮ್ಮ ಹೋಟೆಲಿಗೆ ಹೋಗಿದ್ದರು.

"ಬಾ ಸುಮುಖ, ಅಕ್ಕಿ ಪುಂಡಿ ಮಾಡಿದ್ದೇನೆ. ತಿಂದು ಆಮೇಲೆ ಬರೀರಿ ಮಾರಾಯ. ಬರೀಲಿಕ್ಕೆ ಉಂಟಾದರೂ ಎಂತದು? ಎಣಿಸಿಲ್ಲ ಅಂತ ಒಂದು ಗೆರೆ."

"ಅಮ್ಮ, ನೀನು ಅಲ್ಲಿ ಇದ್ದಿಯಾ?" ಒಳಗಿಂದ ಅಶ್ಮಿತಾ ಕೇಳಿದಳು.

"ನಾನು ಇರಬೇಕಾ? ಎಣಿಸಿದ್ದರೆ ನನ್ನ ಮಗ ಕಾಡಲ್ಲಿ ಉಳೀತಿದ್ದನಾ?"

ಸೋಫಾದಲ್ಲಿ ಮಲಗಿದ್ದ ರಿತೇಶ್ ಮೊಬೈಲಿನಿಂದ ಕಣ್ಣು ತೆಗೆಯದೆ ಅದನ್ನೇ ಹೇಳಿದ. "ಕರೆಕ್ಟ್ ಹೈ. ಗಿನಾ ಹೋತಾ ತೋ ಮೈ ಉಧರ್ ರೆಹ್ತಾ ಕ್ಯಾ?" ಅವನಿಗೆ ಕನ್ನಡ, ತುಳು ಎರಡೂ ಪೂರ್ತಿ ಅರ್ಥವಾಗುತ್ತವೆ. ಉತ್ತರ ಮಾತ್ರ ಹಿಂದಿಯಲ್ಲಿ.

ಅಶ್ಮಿತಾ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟಳು. ನಾವು ಆ ದಿನವನ್ನು ಮತ್ತೆ ಮೊದಲಿನಿಂದ ನೆನಪು ಮಾಡಿಕೊಳ್ಳಲು ಕುಳಿತೆವು.

ಕಾಡು ನನಗೆ ಅಂಥದ್ದೇನೂ ಅನ್ನಿಸಿರಲಿಲ್ಲ. ಬೆಳಕು ಕಡಿಮೆ, ಎಲ್ಲ ಕಡೆ ನೀರು ತೊಟ್ಟಿಕ್ಕುವ ಸದ್ದು. ಪ್ರಾಣಿ ಎಂದು ಕಂಡದ್ದು ಒಂದು ಸಿಂಗಳೀಕದ ಹಿಂಭಾಗ. ಮರುದನ್ ಎರಡು ಸಲ ಮಾತ್ರ ಮಾತಾಡಿದ್ದ: ಒಮ್ಮೆ ಜಿಗಣೆಗೆ ಉಪ್ಪು ಕೊಡುವಾಗ, ಇನ್ನೊಮ್ಮೆ ರಿತೇಶ್ ರೀಲ್ ಮಾಡಲು ಕಿರುಚಿದಾಗ. ಮೆಲ್ಲಗೆ, ಆನೆ ಇದೆ, ಎಂದಿದ್ದ. ಅದೇ ಮಾತನ್ನು ನಾನೂ ರಿತೇಶ್‌ಗೆ ಹೇಳಿದೆ. ನೀನೇನು ನನ್ನಪ್ಪನಾ ಎಂದ. ಅಲ್ಲಿಂದ ನಾವಿಬ್ಬರೂ ಮಾತು ಬಿಟ್ಟೆವು.

ಮಾತು ಬಿಟ್ಟರೂ ಸೀಟು ಹಿಡಿಯುವುದು ಬೇರೆ. ಡೊಂಬಿವಲಿಯವರಿಗೆ ಅದು ಜಗಳಕ್ಕೂ ಮೇಲಿನದು. ಮುಂಬೈ ಕಡೆ ಹೋಗಬೇಕಾದವರು ಬೆಳಿಗ್ಗೆ ಉಲ್ಟಾ ಕಲ್ಯಾಣದ ಲೋಕಲ್ ರೈಲು ಹತ್ತುತ್ತಾರೆ. ಅಲ್ಲಿ ಗಾಡಿ ತಿರುಗಿ ಹೊರಡುವವರೆಗೆ ಏಳುವುದಿಲ್ಲ. ಗೆಳೆಯನಿಗೆಂದು ಕರ್ಚೀಫ್ ಹಾಸುತ್ತಾರೆ, ಬ್ಯಾಗ್ ಇಡುತ್ತಾರೆ. ಬ್ಯಾಗ್ ಇದ್ದ ಕಡೆ ಮನುಷ್ಯ ಇದ್ದ ಹಾಗೆ. ಮೊದಲ ವರ್ಷ ಡೊಂಬಿವಲಿಯಲ್ಲೇ ಬಾಡಿಗೆಗಿದ್ದಾಗ ರಿತೇಶ್ ನನಗೆ ಇದನ್ನು ಕಲಿಸಿದ್ದ.

ಸಂಜೆ ನಾಲ್ಕಕ್ಕೆ ವಾಪಸ್ಸು ಹೊರಡುವ ಹೊತ್ತಿಗೆ ಮಳೆ ಹಿಡಿಯಿತು. ರಿತೇಶ್ ತನ್ನ ಬ್ಯಾಗನ್ನು ನನ್ನ ಕಡೆ ಎಸೆದು, ಜೀಪಿನ ಹಿಂದಿನ ಕಿಟಕಿ ತೋರಿಸಿ, ಎರಡು ಬೆರಳೆತ್ತಿ ವೀಕ್ಷಣಾ ಗೋಪುರದ ಕಡೆ ಓಡಿದ. ಎರಡು ನಿಮಿಷ ಎಂದು ನನಗೆ ಅರ್ಥವಾಯಿತು. ಜೀಪಿನಲ್ಲಿ ನಮ್ಮ ಜೊತೆ ಕೊಯಮತ್ತೂರಿನ ಗಂಡ ಹೆಂಡತಿ ಮತ್ತು ಅವರ ಮಗಳು ಇದ್ದರು. ಆ ಮನುಷ್ಯ ಬೆಳಿಗ್ಗೆಯೂ ಕಿಟಕಿ ಪಕ್ಕಕ್ಕೆ ಬಂದು ಕುಳಿತಿದ್ದ. ಬರೀ ಬ್ಯಾಗ್ ಇಟ್ಟರೆ ಸರಿಸಿಬಿಡುತ್ತಾನೆ ಎಂದು ನಾನು ಬ್ಯಾಗನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ಅದರೊಳಗೇ ಇದ್ದ ರಿತೇಶ್‌ನ ನೀಲಿ ರೇನ್‌ಕೋಟು ತೆಗೆದು ಹೊದಿಸಿ, ಅದರ ಟೋಪಿಯನ್ನು ಮುಂದಕ್ಕೆ ಎಳೆದೆ. ಹೊಲದ ಬೆರ್ಚಪ್ಪನ ಹಾಗೆ ಕಾಣುತ್ತಿತ್ತು. ನಗು ಬಂತು. ಆಮೇಲೆ ಶೌಚಾಲಯಕ್ಕೆ ಹೋಗಿ, ನೆನೆಯುತ್ತ ಓಡಿ ಬಂದು ಹತ್ತಿದೆ.

ಇದನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಆ ಭಾನುವಾರ ಮೇಜಿನ ಮುಂದೆ ಹೇಳಿದೆ.

ಆಂಟಿ ಚಟ್ನಿಯ ಸೌಟು ಹಿಡಿದೇ ನಿಂತರು. "ಅಂದರೆ? ನೀನು ಗೊಂಬೆ ಮಾಡಿಟ್ಟದ್ದಾ?"

"ಸೀಟಿಗೆ, ಆಂಟಿ."

"ಸರಿ, ಆಮೇಲೆ ಹತ್ತಿದೆಯಲ್ಲ, ಅದರ ಎದುರೇ ಕೂತೆಯಲ್ಲ," ಅಶ್ಮಿತಾ ಕೇಳಿದಳು. "ನಿನಗೆ ಗೊತ್ತಾಗಲಿಲ್ವಾ?"

ಆ ಹದಿನೆಂಟು ದಿನ ನಾನು ನನಗೇ ಕೇಳಿಕೊಂಡದ್ದೂ ಇದೇ. ಹತ್ತಿದಾಗ ಒಳಗೆ ಕತ್ತಲು, ಸುತ್ತ ಪ್ಲಾಸ್ಟಿಕ್ ಪರದೆ ಇಳಿಬಿಟ್ಟಿದ್ದರು. ಕಿಟಕಿಯ ಬಳಿ ನೀಲಿ ರೇನ್‌ಕೋಟು ತಲೆ ಬಗ್ಗಿಸಿ ಕುಳಿತಿತ್ತು. ರಿತೇಶ್ ಬಂದಿದ್ದಾನೆ, ಇನ್ನೂ ಮುನಿಸಿನಲ್ಲಿದ್ದಾನೆ, ಇರಲಿ ಎಂದುಕೊಂಡು ಕಣ್ಣು ಮುಚ್ಚಿದೆ. ಹಾಗಂದುಕೊಂಡೆ ಎಂಬುದು ನನ್ನ ನೆನಪು. ಆದರೆ ಐದು ನಿಮಿಷದ ಹಿಂದೆ ನನ್ನ ಕೈಯಿಂದಲೇ ಮಾಡಿಟ್ಟದ್ದನ್ನು ನಾನು ಹೇಗೆ ಮನುಷ್ಯ ಎಂದುಕೊಂಡೆ? ಅವನು ಬಂದಿಲ್ಲ ಎಂದು ಗೊತ್ತಿದ್ದೂ, ಒಂದಿಷ್ಟು ಒದ್ದಾಡಲಿ ಎಂದು ಸುಮ್ಮನಿದ್ದೆನೇ? ಎರಡನ್ನೂ ಪ್ರಮಾಣ ಮಾಡಿ ಹೇಳಲಾರೆ.

"ಗೊತ್ತಿಲ್ಲ," ಎಂದೆ.

"ಗೊತ್ತಿಲ್ಲ ಅಂದರೆ?"

"ಗೊತ್ತಿಲ್ಲ ಅಂದರೆ ಗೊತ್ತಿಲ್ಲ, ಅಶ್ಮಿತಾ. ನೀನು ಮಧ್ಯದ ಸೀಟಲ್ಲಿದ್ದೆ. ಒಂದು ಸಲನಾದ್ರೂ ಹಿಂದೆ ತಿರುಗಿದ್ಯಾ?"

"ತಿರುಗಿದೆ. ನೀಲಿ ಬಣ್ಣ ಕಂಡಿತು. ಸಾಕು ಅಂತ ಮುಂದೆ ತಿರುಗಿದೆ," ಎಂದಳು.

ರಿತೇಶ್ ಎದ್ದು ಕುಳಿತಿದ್ದ. ಹೊಡೆಯುತ್ತಾನೆ ಎಂದುಕೊಂಡೆ. ಅವನು, ಸೀಟಂತೂ ಉಳಿಸಿದೆಯಲ್ಲ ಎಂದು ನಕ್ಕ. "ಸಾಲಾ, ಸೀಟ್ ತೋ ಬಚಾಯಾ ನಾ! ಔರ್ ಕೌನ್ ಬಚಾತಾ ಇತ್ನಾ?"

"ನಗಬೇಡ ನೀನು," ಆಂಟಿ ಗದರಿದರು. "ಆನೆ ತುಳಿದಿದ್ದರೆ?"

"ಆನೆ ಎಲ್ಲಿತ್ತು ಮಮ್ಮಿ," ಎಂದ, ಅಪರೂಪಕ್ಕೆ ಕನ್ನಡದಲ್ಲಿ. ಮತ್ತೆ ಹಿಂದಿಗೆ ಹೊರಳಿದ. ಗೋಪುರದ ಕೆಳಗೆ ಕುಳಿತಿದ್ದನಂತೆ. ನೆಟ್‌ವರ್ಕ್ ಇರಲಿಲ್ಲ. ಮೊದಲ ಅರ್ಧ ಗಂಟೆ ಕೂಗಿದನಂತೆ. ಆಮೇಲೆ ನಿದ್ದೆಯೂ ಬಂತಂತೆ.

"ಹಾಗಾದರೆ ವಿಡಿಯೋದಲ್ಲಿ ಹೇಳಿದ್ದು?" ನಾನು ಕೇಳಿದೆ.

"ಡರ್ ಲಗಾ ಥಾ ಯಾರ್. ನಹೀ ಭೀ ಲಗಾ ಥಾ." ಹೆದರಿಕೆ ಆಗಿತ್ತು, ಆಗಿಯೂ ಇರಲಿಲ್ಲ ಎನ್ನುವಾಗ ಅವನ ಮುಖದಲ್ಲಿ ನಾಟಕವಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಉಳಿದದ್ದು ಇಮೇಲಿನ ಪ್ರಶ್ನೆ. ನನ್ನ ನೆನಪಿನ ಪ್ರಕಾರ ಮರುದನ್ ಎಣಿಸಿದ್ದ. ಹಿಂದಿನ ಪರದೆಯನ್ನು ಒಂದಡಿ ಎತ್ತಿ, ಮಳೆಯಲ್ಲಿ ನಿಂತೇ ಬೆರಳು ಆಡಿಸಿದ. ತುಟಿ ಅಲುಗಿತು. ಪರದೆ ಬಿಟ್ಟು ಮುಂದೆ ಹೋಗಿ ಡ್ರೈವರ್ ಪಕ್ಕ ಕುಳಿತ. ಪ್ರಯಾಣಿಕರು ಆರು ಜನ ಇರಬೇಕಿತ್ತು. ರೇನ್‌ಕೋಟು ಸೇರಿಸಿದರೆ ಆರಾಗುತ್ತಿತ್ತು.

"ಅವನು ಪರದೆಯ ಹಗ್ಗ ಕಟ್ಟಿದ್ದು," ಅಶ್ಮಿತಾ ಹೇಳಿದಳು. "ಎಣಿಸಿದ್ದು ನಾನು ಕಾಣಲಿಲ್ಲ."

"ಬೆರಳು ಆಡಿಸಿದ."

"ಹಗ್ಗ ಕಟ್ಟುವಾಗ ಬೆರಳು ಆಡುವುದಿಲ್ವಾ?"

ನಾನು ಬರೆಯತೊಡಗಿದೆ. ಗೈಡ್ ಎಣಿಸಿದ, ಎಣಿಕೆ ತಪ್ಪಾದದ್ದು ನನ್ನಿಂದ, ಹೀಗೆ ಹೀಗೆ. ಅರ್ಧ ಪುಟವಾಯಿತು. ಓದಿದರೆ ನಾನು ಒಳ್ಳೆಯವನಾಗಿ ಕಾಣುತ್ತಿದ್ದೆ. ಅದೂ ಸರಿ ಅನ್ನಿಸಲಿಲ್ಲ. ಆತ ಎಣಿಸಿದ್ದು ನಿಜವೋ, ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳಲು ಎಣಿಸಿದ ಎಂದು ಕಟ್ಟಿಕೊಂಡೆನೋ? ಆತನನ್ನೇ ಕೇಳೋಣ ಎನ್ನಿಸಿತು. ಪ್ರವೇಶ ಚೀಟಿಯ ಹಿಂದೆ ಆತನ ನಂಬರು ಇತ್ತು. ಬಾಲ್ಕನಿಗೆ ಹೋಗಿ ಫೋನ್ ಮಾಡಿದೆ.

ಆತನ ತಮಿಳಿಗೆ ನನ್ನ ಮುರುಕು ತಮಿಳು. ನಾನು ಯಾರೆಂದು ತಿಳಿದ ಕೂಡಲೇ, "ಸಾರ್, ನೀವಿನ್ನೂ ಬರೆದು ಕಳಿಸಿಲ್ಲವಲ್ಲ?" ಎಂದ.

"ಇಲ್ಲ. ನೀವು ಎಣಿಸಿದ್ರಿ ಅಂತ ಬರೀತಿದ್ದೀನಿ."

"ಬೇಡ ಸಾರ್!"

"ಯಾಕೆ?"

"ಎಣಿಸಿಲ್ಲ, ತಪ್ಪಾಯಿತು ಅಂತ ನಾನೇ ಬರೆದುಕೊಟ್ಟಿದ್ದೇನೆ. ಬರೆದುಕೊಟ್ಟರೆ ಒಂದು ತಿಂಗಳು ಮನೆಯಲ್ಲಿರು, ಆಮೇಲೆ ಬಾ ಅಂದರು. ಎಣಿಸಿದೆ ಅಂತ ವಾದಿಸಿದರೆ ವಿಚಾರಣೆ ದೊಡ್ಡದಾಗುತ್ತದೆ, ಮೇಲಿನವರು ಬರುತ್ತಾರೆ. ಆಗ ನಾನು ಹೊರಗೇ. ನಿಮ್ಮ ಕಾಗದ ನನ್ನ ಕಾಗದದ ಹಾಗೇ ಇರಲಿ."

"ಆದರೆ ನಿಜವಾಗಿ..."

"ನಿಜ ಇರಲಿ ಸಾರ್. ಎಣಿಸಿಲ್ಲ ಅಂತ ಬರೆಯಿರಿ. ನಿಮಗೆ ಪುಣ್ಯ ಬರುತ್ತದೆ." ಹಿಂದಿನಿಂದ ಯಾರೋ ಕರೆದರು. ಇಟ್ಟುಬಿಟ್ಟ. ರೇನ್‌ಕೋಟಿನ ಮಾತು ನನ್ನ ಬಾಯಲ್ಲೇ ಉಳಿಯಿತು.

ಒಳಗೆ ಬಂದು ಹೇಳಿದೆ.

"ನಾನು ಬೆಳಿಗ್ಗೆಯೇ ಹೇಳಿದ್ದು ಅದನ್ನೇ ಅಲ್ವಾ," ಎಂದರು ಆಂಟಿ.

"ಎಣಿಸಿಲ್ಲ ಅಂತ ಬರೆದು, ರೇನ್‌ಕೋಟಿನ ವಿಷಯಾನೂ ಬರೀತೀನಿ," ಎಂದೆ.

ಅಶ್ಮಿತಾ ತಲೆಯಾಡಿಸಿದಳು. "ಎಣಿಸದಿದ್ದ ಮೇಲೆ ರೇನ್‌ಕೋಟು ಇದ್ದರೆಷ್ಟು, ಬಿಟ್ಟರೆಷ್ಟು? ಓದಿದವರಿಗೆ ಸಂಶಯ ಬರ್ತದೆ. ಮತ್ತೆ ಅವನನ್ನೇ ಕರೀತಾರೆ."

ವಕೀಲರ ಆಫೀಸಿನವಳು. ಅವಳ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅರ್ಧ ಪುಟ ಅಳಿಸಿದೆ. ಗೈಡ್ ತಲೆ ಎಣಿಸಲಿಲ್ಲ ಎಂದು ಒಂದು ಸಾಲು ಬರೆದು, ಸಹಿ ಹಾಕಿ, ಫೋಟೋ ತೆಗೆದು ಕಳಿಸಿದೆ. ಅಶ್ಮಿತಾ ಹಾಗೆಯೇ ಮಾಡಿದಳು. ರಿತೇಶ್ ಎರಡು ಸಾಲು ಬರೆದ. ಆಂಟಿ ಇನ್ನೆರಡು ಪುಂಡಿ ಹಾಕಿದರು. ತಿಂದೆ.

ಮಧ್ಯಾಹ್ನ ನನ್ನ ರೂಮಿಗೆ ವಾಪಸ್ಸು, ಥಾಣೆ ಕಡೆಯ ಸ್ಲೋ ಲೋಕಲಿನಲ್ಲಿ ಕುಳಿತಿದ್ದೆ. ಭಾನುವಾರ, ಅರ್ಧ ಡಬ್ಬಿ ಖಾಲಿ. ಮುಂಬ್ರಾ ದಾಟುವಾಗ ಮರುದನ್ ಫೋನ್ ಬಂತು.

"ಕಳಿಸಿದಿರಾ ಸಾರ್?"

"ಕಳಿಸಿದೆ. ಎಣಿಸಲಿಲ್ಲ ಅಂತ."

"ಒಳ್ಳೆಯದಾಯಿತು." ಫೋನ್ ಇಡಲಿಲ್ಲ. ಅಲ್ಲೆಲ್ಲೋ ಕೋಳಿ ಕೂಗುತ್ತಿತ್ತು. "ಒಂದು ಮಾತು ಸಾರ್. ನಾನು ನಿಜವಾಗಿ ಎಣಿಸಿದ್ದೆನಾ? ದಿನಾ ಎಣಿಸುತ್ತೇನೆ. ಹನ್ನೊಂದು ವರ್ಷ. ಆ ದಿನದ್ದು ಬೇರೆಯಾಗಿ ನೆನಪಿಗೆ ಬರುತ್ತಿಲ್ಲ. ನೀವು ಹಿಂದೆ ಕೂತಿದ್ದಿರಿ. ನೋಡಿದಿರಾ?"

"ನೋಡಿದೆ. ಎಣಿಸಿದ್ರಿ."

"ಎಷ್ಟು ಬಂದಿತ್ತು?"

ತುಟಿ ಅಲುಗಿದ್ದಷ್ಟೇ ನಾನು ನೋಡಿದ್ದು. "ಆರು," ಎಂದೆ.

"ಆರು ಸರಿಯಾಗಿತ್ತಲ್ಲ ಸಾರ್. ಮತ್ತೆ ಆ ಹುಡುಗ ಹೇಗೆ ತಪ್ಪಿದ?"

ಹೇಳಿದೆ. ಬ್ಯಾಗು, ರೇನ್‌ಕೋಟು, ಎಳೆದ ಟೋಪಿ. ತಮಿಳು ಸಾಲದೆ ಕನ್ನಡದಲ್ಲೂ ಹೇಳಿದೆ. ನಮ್ಮ ಕಡೆ ಸೀಟು ಹೀಗೆ ಹಿಡಿಯುತ್ತಾರೆ ಎಂದೂ ಹೇಳಿದೆ. ಆತ ನಡುವೆ ಬಾಯಿ ಹಾಕಲಿಲ್ಲ.

"ಅವತ್ತು ಗೇಟಿನಲ್ಲಿ ಸಾಹೇಬರು ಎಲ್ಲರೆದುರು ನನ್ನನ್ನು ಬೈದರು," ಎಂದ. "ನೀವು ಅಲ್ಲೇ ಇದ್ದಿರಲ್ಲ."

"ಇದ್ದೆ."

"ಇದನ್ನು ಅವತ್ತೇ ಹೇಳಬಹುದಿತ್ತಲ್ಲ ಸಾರ್."

"ಹೌದು," ಎಂದೆ.