ಅಕ್ಕನ ಸೀಟು

ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ವ್ಯಾನಮ್ಮನಿಗೆ ಗಂಡನ ಮನೆಯ ಮೂಲೆಮೂಲೆಯೂ ಪರಿಚಯವಾಗಿತ್ತು. ಆದರೆ ತಮ್ಮ ಮನೆಗೆಂದು ಹಡಗಿನಲ್ಲಿ ಒಂದು ಮೋಟಾರ್‌ಸೈಕಲ್ ಬರುತ್ತಿದೆ ಎಂಬ ಸಂಗತಿ ಮಾತ್ರ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಬಂದರಿನ ಕ್ಲಿಯರಿಂಗ್ ಏಜೆಂಟ್ ಫೋನ್ ಮಾಡಿದಾಗ. ಗಂಡ ಸ್ನಾನಕ್ಕೆ ಹೋಗಿದ್ದ, ಇವಳೇ ಫೋನ್ ಎತ್ತಿಕೊಂಡಳು.

"ಮೇಡಂ, ನಿಮ್ಮ ತೊಟ್ಟಿ ಗಾಡಿ ಬಂತು. ಬೇಗ ಬಂದು ಬಿಡಿಸ್ಕೊಳ್ಳಿ, ಇಲ್ಲಿ ಗೋಡೌನಿನಲ್ಲಿ ಜಾಗ ಇಲ್ಲ."

"ಯಾವ ತೊಟ್ಟಿ ಗಾಡಿ?"

"ಅದೇ ಮೇಡಂ, ಬೈಕ್ ಪಕ್ಕಕ್ಕೆ ತೊಟ್ಟಿ ಅಂಟಿಸಿರ್ತಾರಲ್ಲ, ಹಳೇ ಕಾಲದ್ದು. ಬಿಳೀನೂ ಅಲ್ಲ ಹಳದೀನೂ ಅಲ್ಲ, ಕೆನೆ ಬಣ್ಣಾನೇ ಬೇಕು, ಮೇಲೆ ಕೆಂಪು ಗೆರೆ ಬೇಕು ಅಂತ ನೀವೇ ಅಲ್ವಾ ನನ್ನ ತಲೆ ತಿಂದಿದ್ದು?"

ಏಜೆಂಟನ ತಲೆ ತಿಂದವಳು ತಾನಲ್ಲ, ತನಗಿಂತ ಮುಂಚೆ ಈ ಮನೆಯಲ್ಲಿದ್ದವಳು ಎಂದು ವ್ಯಾನಮ್ಮನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಇವಳು ಶಾಲೆಯ ವ್ಯಾನ್ ಓಡಿಸುತ್ತಿದ್ದಳು. ಹಾಗಾಗಿ ಇಡೀ ಬೀದಿಗೆ ಅವಳು ವ್ಯಾನಮ್ಮ. ಗಂಡನದು ಕನ್ನಡಕದ ಅಂಗಡಿ. ಮೊದಲ ಹೆಂಡತಿ ತೀರಿಕೊಂಡು ಎರಡು ವರ್ಷ ಒಂಟಿಯಾಗಿದ್ದವನು, ಕಣ್ಣು ತೋರಿಸಲು ಬಂದ ಇವಳ ಜೊತೆ ಮಾತಾಡುತ್ತಾ ಸಲಿಗೆ ಬೆಳೆದು ಮದುವೆಯಾಗಿದ್ದ. ಆ ಮೊದಲನೆಯವಳನ್ನು ಇವಳು ನೋಡಿದ್ದು ಫೋಟೋದಲ್ಲಿ ಮಾತ್ರ. ಆದರೂ ಮಾತಿನಲ್ಲಿ 'ಅಕ್ಕ' ಎಂದೇ ಕರೆಯುತ್ತಿದ್ದಳು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಟ್ಟು ಆಗಬೇಕಾದ್ದೇನಿದೆ ಎಂಬುದು ಅವಳ ಲೆಕ್ಕಾಚಾರ.

ತಲೆ ಒರೆಸಿಕೊಳ್ಳುತ್ತಾ ಬಂದ ಗಂಡ ವಿಷಯ ಕೇಳಿ ಟವೆಲ್ ಹಿಡಿದುಕೊಂಡೇ ಕುರ್ಚಿಯ ಮೇಲೆ ಕುಸಿದ.

"ನಾನು ಅದನ್ನ ಮರೆತೇಬಿಟ್ಟಿದ್ದೆ ಕಣೆ," ಎಂದ. ಆಮೇಲೆ ಒಂದೊಂದೇ ಹೇಳಿದ. ಅಕ್ಕನಿಗೆ ಬೈಕಿನಲ್ಲಿ ಸುತ್ತುವ ಹುಚ್ಚು. ಸೊಂಟದ ನೋವು ಶುರುವಾದ ಮೇಲೆ ಕಾಲು ಎತ್ತಿ ಹಿಂದಿನ ಸೀಟಿಗೆ ಹಾಕಲು ಆಗದಾಯಿತು. ಆಗ ಎಲ್ಲೋ ಸೈಡ್‌ಕಾರಿನ ಚಿತ್ರ ನೋಡಿ, ಕಾಲು ಚಾಚಿಕೊಂಡು ರಾಣಿಯ ಹಾಗೆ ಕೂತು ಹೋಗುತ್ತೇನೆ ಎಂದು ಹಟ ಹಿಡಿದಳು. ಕಡಲಾಚೆ ಒಂದು ಸಣ್ಣ ಕಾರ್ಖಾನೆಯಲ್ಲಿ ಹಳೇ ಮಾದರಿಯ ಗಾಡಿಗಳನ್ನು ಈಗಲೂ ಕೈಯಲ್ಲೇ ಕಟ್ಟುತ್ತಾರೆ ಎಂದು ತಿಳಿದು, ಈ ಏಜೆಂಟನ ಮೂಲಕವೇ ಒಂದು ಬೇಕೆಂದು ಬರೆದು ಹಾಕಿದರು. ಅಲ್ಲಿ ಕಾಯುವವರ ಸಾಲು ಉದ್ದವಿತ್ತು. ಸೊಂಟದ ನೋವು ಸೊಂಟದ್ದಲ್ಲ, ಎಲುಬಿನೊಳಗಿನ ಬೇರೆಯದೇ ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ಸಾಲಿನಲ್ಲಿ ಇವರು ಇನ್ನೂ ನಡುವೆಲ್ಲೋ ಇದ್ದರು.

"ಬೇಡ ಅಂತ ಬರೆಯೋಕೆ ಕೈ ಬರಲಿಲ್ಲ," ಎಂದ.

"ಬಂದಿರೋದನ್ನ ಬಾಗಿಲಿಂದ ವಾಪಸ್ ಕಳಿಸೋಕಾಗುತ್ತೇನ್ರೀ? ಹೋಗಿ ಬಿಡಿಸ್ಕೊಂಡು ಬರೋಣ ನಡೀರಿ," ಎಂದಳು ವ್ಯಾನಮ್ಮ.

ಬಂದರಿನ ಗೋಡೌನಿನಲ್ಲಿ ಏಜೆಂಟ್ ಕಬ್ಬಿಣದ ಸಲಾಕೆಯಿಂದ ಮರದ ಪೆಟ್ಟಿಗೆಯ ಹಲಗೆಗಳನ್ನು ಎಬ್ಬಿಸಿದ. ಒಳಗೆ ಗಾಡಿ ಹೊಸ ಮದುವಣಗಿತ್ತಿಯಂತೆ ಥಳಥಳ ಹೊಳೆಯುತ್ತಿತ್ತು. ದುಂಡು ದೀಪ, ಕಡ್ಡಿ ಚಕ್ರ, ಗುಂಡಗಿನ ಟ್ಯಾಂಕು. ಪಕ್ಕದಲ್ಲಿ ದೋಣಿಯ ಮೂತಿಯಂಥ ಕೆನೆ ಬಣ್ಣದ ಸೈಡ್‌ಕಾರ್. ಹೊಸ ರಬ್ಬರಿನ, ಗ್ರೀಸಿನ ವಾಸನೆ ಬಂತು. ಅದರ ಹಿಂದೆಯೇ ಇನ್ನೊಂದು ಬಂತು: ಕಣ್ಣಲ್ಲಿ ನೀರು ತರಿಸುವ, ಖಾರವಾದ, ನೋವಿಗೆ ಹಚ್ಚುವ ಎಣ್ಣೆಯ ವಾಸನೆ. ವ್ಯಾನಮ್ಮ ಬಗ್ಗಿ ಸೈಡ್‌ಕಾರಿನ ಸೀಟಿನ ಮೇಲೆ ಕೈಯಿಟ್ಟಳು. ಆಗತಾನೇ ಯಾರೋ ಎದ್ದು ಹೋದ ಹಾಗೆ ಬೆಚ್ಚಗಿತ್ತು.

"ಏನೋ ಎಣ್ಣೆ ವಾಸನೆ ಬರ್ತಿದೆಯಲ್ಲ?" ಎಂದಳು.

"ಪ್ಯಾಕಿಂಗ್‌ದು ಮೇಡಂ. ತಿಂಗಳುಗಟ್ಟಲೆ ಸಮುದ್ರದ ಮೇಲೆ ಇತ್ತು. ನಿಮ್ಮನ್ನೂ ನನ್ನನ್ನೂ ಹಾಗೆ ಮುಚ್ಚಿಟ್ಟಿದ್ರೆ ಇದಕ್ಕಿಂತ ಜಾಸ್ತಿ ನಾರ್ತಿದ್ವಿ," ಎಂದು ಏಜೆಂಟ್ ನಕ್ಕ. ಗಂಡನಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಅವನು ಕೆಂಪು ಗೆರೆಯ ಮೇಲೆ ಬೆರಳಾಡಿಸುತ್ತಾ ನಿಂತಿದ್ದ.

ತೆರಿಗೆ, ಮೊಹರು, ಸಹಿ ಎಲ್ಲ ಮುಗಿದ ಮೇಲೆ ಹೊಸದೊಂದು ತಕರಾರು ಎದ್ದಿತು. ಸೈಡ್‌ಕಾರ್ ಈ ದೇಶದ ರಸ್ತೆಗೆ ತಪ್ಪು ಬದಿಯಲ್ಲಿತ್ತು. ಅದನ್ನು ಬಿಚ್ಚಿ ಇನ್ನೊಂದು ಬದಿಗೆ ಕಟ್ಟದಿದ್ದರೆ ನೋಂದಣಿ ಇಲ್ಲ ಎಂದರು. ಮೆಕ್ಯಾನಿಕ್ ಒಂದು ವಾರ ಒದ್ದಾಡಿ ಆ ಕೆಲಸ ಮುಗಿಸಿದ. ತಾತ್ಕಾಲಿಕ ನಂಬರ್ ಹಚ್ಚಿದ ಗಾಡಿಯನ್ನು ಮನೆಗೆ ತರುವ ಪಾಳಿ ವ್ಯಾನಮ್ಮನದಾಯಿತು, ಏಕೆಂದರೆ ಗಂಡ ಬೈಕ್ ಮುಟ್ಟದೆ ವರ್ಷಗಳೇ ಆಗಿದ್ದವು.

"ಅಮ್ಮಾ, ತೊಟ್ಟಿ ಇರೋ ಕಡೆಗೆ ತಿರುಗಿಸೋವಾಗ ಹುಷಾರು," ಎಂದ ಮೆಕ್ಯಾನಿಕ್. "ಖಾಲಿ ಇದ್ರೆ ಅದರ ಚಕ್ರ ನೆಲ ಬಿಟ್ಟು ಎದ್ದುಬಿಡುತ್ತೆ. ಯಾರನ್ನಾದ್ರೂ ಕೂರಿಸ್ಕೊಂಡು ಹೋದ್ರೆ ಒಳ್ಳೇದು."

ಗಂಡ ಹಿಂದೆ ವ್ಯಾನ್ ತರಬೇಕಿತ್ತು. ಹಾಗಾಗಿ ಕೂರಿಸಿಕೊಳ್ಳಲು ಯಾರೂ ಇರಲಿಲ್ಲ. ವ್ಯಾನಮ್ಮ ಉಸಿರು ಬಿಗಿಹಿಡಿದು ಮೊದಲ ತಿರುವು ತೆಗೆದುಕೊಂಡಳು. ಚಕ್ರ ಏಳಲಿಲ್ಲ. ಎರಡನೆಯದನ್ನು ಸ್ವಲ್ಪ ಜೋರಾಗಿಯೇ ತಿರುಗಿಸಿದಳು. ಗಾಡಿ ನೆಲಕ್ಕೆ ಕಚ್ಚಿಕೊಂಡೇ ತಿರುಗಿತು. ಮಕ್ಕಳು ತುಂಬಿದ ವ್ಯಾನಿಗೂ ಖಾಲಿ ವ್ಯಾನಿಗೂ ಇರುವ ವ್ಯತ್ಯಾಸ ಅವಳ ಮೈಗೆ ಗೊತ್ತಿತ್ತು. ಇದು ಖಾಲಿ ಗಾಡಿಯ ನಡಿಗೆಯಲ್ಲ. ನೇರ ರಸ್ತೆಯಲ್ಲಿ ವೇಗ ಹೆಚ್ಚಿಸಿದಾಗ ಪಕ್ಕದಿಂದ ಉಂಗುರದಿಂದ ಬಡಿದ ಹಾಗೆ ಟಕ್ ಟಕ್ ಎಂದಿತು. ನಿಧಾನಿಸಿದಳು, ಸದ್ದು ನಿಂತಿತು. ಮತ್ತೆ ವೇಗ ಕೊಟ್ಟಳು, ಮತ್ತೆ ಟಕ್ ಟಕ್.

"ಏನೋ ಬೋಲ್ಟ್ ಸಡಿಲ ಇರ್ಬೇಕು. ಜೋರಾಗಿ ಹೋದ್ರೆ ಬಡಿಯುತ್ತೆ," ಎಂದು ಮನೆಗೆ ಬಂದು ಹೇಳಿದಳು.

ಗಂಡ ವ್ಯಾನಿನ ಬಾಗಿಲು ಹಾಕುತ್ತಿದ್ದವನು ಹಾಗೇ ನಿಂತ. "ಎಷ್ಟು ಸಲ?"

"ಎರಡೆರಡು ಸಲ. ಯಾಕೆ?"

"ಏನಿಲ್ಲ," ಎಂದು ಒಳಗೆ ಹೋದ. ಅಂದು ಅವನು ಸರಿಯಾಗಿ ಊಟ ಮಾಡಲಿಲ್ಲ.

ನೋಂದಣಿ ಕಚೇರಿಯ ಇನ್‌ಸ್ಪೆಕ್ಟರ್ ಗಾಡಿಯನ್ನು ಸುತ್ತು ಬಂದು ಕೆನ್ನೆ ಕೆರೆದುಕೊಂಡ. ಇದು ಎರಡು ಚಕ್ರದ್ದೋ ಮೂರು ಚಕ್ರದ್ದೋ ಎಂದು ಅವನ ಕಂಪ್ಯೂಟರ್‌ಗೇ ತಿಳಿಯದು. "ಗಾಡಿ ಹಳೇದೋ ಹೊಸದೋ? ನೋಡಿದ್ರೆ ನಮ್ಮಜ್ಜನ ಕಾಲದ್ದು, ಪತ್ರ ನೋಡಿದ್ರೆ ಈ ವರ್ಷದ್ದು!" ಎಂದು ಗೊಣಗಿದ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ. ಹಾರ್ನ್, ದೀಪ, ಬ್ರೇಕು ಎಲ್ಲ ನೋಡಿದ. ಕೊನೆಗೆ ಅಂಗಳದ ವೇ-ಬ್ರಿಡ್ಜ್ ಮೇಲೆ ಗಾಡಿ ನಿಲ್ಲಿಸಿ ತೂಕ ನೋಡಿದವನು ಹುಬ್ಬು ಗಂಟಿಕ್ಕಿದ.

"ಯಾರ್ರೀ ಅದು ಗಾಡಿ ಮೇಲೆ? ಇಳಿಸಿ."

"ಯಾರೂ ಇಲ್ವಲ್ಲ ಸಾರ್."

"ಹಂಗಾದ್ರೆ ಒಳಗೇನಿಟ್ಟಿದ್ದೀರಿ? ಕಾರ್ಖಾನೆಯವರು ಕೊಟ್ಟ ತೂಕಕ್ಕಿಂತ ಒಬ್ಬ ಮನುಷ್ಯನಷ್ಟು ಜಾಸ್ತಿ ತೋರಿಸ್ತಿದೆ."

ಸೀಟು ಎತ್ತಿ ನೋಡಿದರು, ಡಿಕ್ಕಿ ತೆಗೆದು ನೋಡಿದರು. ಏನೂ ಇರಲಿಲ್ಲ. ಯಂತ್ರವೇ ಕೆಟ್ಟಿದೆಯೆಂದು ಇನ್‌ಸ್ಪೆಕ್ಟರ್ ತಾನೇ ಹತ್ತಿ ನಿಂತ. ಅಂಕಿ ಸರಿಯಾಗಿ ಅವನ ತೂಕದಷ್ಟೇ ಏರಿತು. ತೂಕ ಹೊಂದದಿದ್ದರೆ ನೋಂದಣಿ ಆಗುವುದಿಲ್ಲ, ಗಾಡಿ ಬಂದರಿಗೆ ವಾಪಸ್ ಹೋಗುತ್ತದೆ ಎಂದು ಹೇಳಿ, ಮೇಲಿನವರನ್ನು ಕೇಳಿಬರಲು ಒಳಗೆ ಹೋದ. ಗಂಡ ಕೈಕೈ ಹಿಸುಕಿಕೊಳ್ಳುತ್ತಾ ಅವನ ಹಿಂದೆಯೇ ಬಾಗಿಲ ತನಕ ಹೋದ.

ವ್ಯಾನಮ್ಮ ಒಬ್ಬಳೇ ಉಳಿದಳು. ಮಟಮಟ ಮಧ್ಯಾಹ್ನ. ಖಾರದ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಸೈಡ್‌ಕಾರಿನ ಸೀಟಿನ ನಡುವೆ ಚರ್ಮ ತುಸು ತಗ್ಗಿ ಸುಕ್ಕುಗಟ್ಟಿತ್ತು. ಅವಳ ಮೈಯ ಕೂದಲೆಲ್ಲ ನಿಮಿರಿ ನಿಂತವು. ಕಾಲು ಓಡಿಹೋಗು ಎನ್ನುತ್ತಿತ್ತು. ಆದರೆ ದಿನವೂ ಹಟಮಾರಿ ಮಕ್ಕಳನ್ನು ವ್ಯಾನಿನಿಂದ ಇಳಿಸಿ ಅಭ್ಯಾಸವಾದ ಬಾಯಿ ತಾನಾಗಿಯೇ ಮಾತಾಡಿತು.

"ಅಕ್ಕಾ," ಎಂದು ಬಗ್ಗಿ ಕರೆದಳು, "ಒಂದು ಗಳಿಗೆ ಇಳೀರಿ. ಇವರು ಬರ್ಕೊಂಡು ಹೋಗ್ಲಿ. ಆಮೇಲೆ ನೀವೇ ಕೂತ್ಕೊಳ್ಳಿ. ನಿಮ್ಮ ಜಾಗಕ್ಕೆ ಯಾರೂ ಬರಲ್ಲ."

ಸೀಟಿನ ಸ್ಪ್ರಿಂಗ್ ಕಿರ್ ಎಂದಿತು. ತಗ್ಗಿದ ಚರ್ಮ ನಿಧಾನವಾಗಿ ಮೇಲೆದ್ದು ಸಪಾಟಾಯಿತು. ಅವಳ ತೋಳನ್ನು ಯಾವುದೋ ಬಿಸಿ ಸವರಿಕೊಂಡು ಹೋಯಿತು. ಸೊಂಟ ನೋಯುವವರು ಏಳುವಾಗ ಪಕ್ಕದವರನ್ನು ಆಸರೆಗೆ ಹಿಡಿಯುತ್ತಾರಲ್ಲ, ಹಾಗೆ.

ಇನ್‌ಸ್ಪೆಕ್ಟರ್ ವಾಪಸ್ ಬಂದು ನೋಡಿದರೆ ತೂಕ ಪತ್ರದಲ್ಲಿದ್ದಷ್ಟೇ ಇತ್ತು. "ಬಿಸಿಲಿಗೆ ಈ ಯಂತ್ರಕ್ಕೂ ತಲೆ ಕೆಡುತ್ತೆ," ಎಂದು ಬೈಯುತ್ತಾ ಸಹಿ ಹಾಕಿದ. ಆದರೆ ಬಾಗಿಲಲ್ಲಿ ನಿಂತ ಗಂಡ ಹೆಂಡತಿಯನ್ನೇ ನೋಡುತ್ತಿದ್ದ. ಅವಳು ಬಗ್ಗಿ ಮಾತಾಡಿದ್ದು, 'ಅಕ್ಕಾ' ಎಂದದ್ದು ಅವನ ಕಿವಿಗೆ ಬಿದ್ದಿತ್ತು.

ಮನೆಗೆ ಬಂದು ಕೇಳಿದ. ವ್ಯಾನಮ್ಮ ಏನೂ ಮುಚ್ಚಿಡಲಿಲ್ಲ. ವಾಸನೆ, ಬೆಚ್ಚಗಿದ್ದ ಸೀಟು, ಟಕ್ ಟಕ್, ತೋಳಿಗೆ ತಗುಲಿದ್ದು, ಎಲ್ಲವನ್ನೂ ಹೇಳಿದಳು. ಅವನ ಮುಖ ಬಿಳುಚಿಕೊಂಡಿತು. ಅಕ್ಕ ಮೂರು ಹೊತ್ತೂ ಸೊಂಟಕ್ಕೆ ಆ ಎಣ್ಣೆಯನ್ನೇ ಹಚ್ಚುತ್ತಿದ್ದಳಂತೆ. ಇವನು ಕಾರು ಜೋರಾಗಿ ಓಡಿಸಿದರೆ ಉಂಗುರದಿಂದ ಬಾಗಿಲನ್ನು ಎರಡು ಸಲ ಬಡಿಯುತ್ತಿದ್ದಳಂತೆ.

"ನನಗ್ಯಾಕೆ ಏನೂ ಗೊತ್ತಾಗ್ತಿಲ್ಲ?" ಎಂದ.

ಸಂಜೆಯವರೆಗೆ ಅಂಗಳದಲ್ಲಿ ಸೈಡ್‌ಕಾರಿನ ಪಕ್ಕದಲ್ಲೇ ಕೂತ. ಒಳಗೆ ಕೈಯಿಟ್ಟು ನೋಡಿದ, ಸೀಟಿಗೆ ಮೂಗು ಹಚ್ಚಿ ನೋಡಿದ, ಅವಳ ಹೆಸರು ಹಿಡಿದು ಕರೆದ. ಅಡುಗೆಮನೆಯ ಕಿಟಕಿಯಿಂದ ವ್ಯಾನಮ್ಮನಿಗೆ ಅವನ ಬಾಗಿದ ಬೆನ್ನು ಕಾಣುತ್ತಿತ್ತು. ಕೊನೆಗೆ ಅವನು ಒಳಗೆ ಬಂದು ಸಿಡುಕಿದ: "ನೀನು ಅವಳ ಮುಖಾನೂ ನೋಡಿಲ್ಲ! ನಿನ್ನ ಹತ್ರ ಯಾಕೆ ಬರ್ಬೇಕು ಅವಳು?"

"ನಾನೇನು ಕರೆದು ಕೂರಿಸ್ಕೊಂಡ್ನಾ?" ಎಂದಳು ಇವಳೂ. ಆಮೇಲೆ ಕೆಲವು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಒಂದು ಬೆಳಗ್ಗೆ ವ್ಯಾನಮ್ಮ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಷ್ಟರಲ್ಲಿ ಅಂಗಳದಲ್ಲಿ ಗಾಡಿ ಇರಲಿಲ್ಲ. ಬೀದಿಯ ಕೊನೆಯ ತಿರುವಿನಲ್ಲಿ ಜನ ಸೇರಿದ್ದರು. ತಿರುಗಿಸುವಾಗ ಸೈಡ್‌ಕಾರಿನ ಚಕ್ರ ಎದ್ದು, ಗಾಡಿ ಎಳೆದುಕೊಂಡು ಹೋಗಿ ಗೋಡೆಗೆ ಗುದ್ದಿತ್ತು. ಗಂಡ ರಸ್ತೆಯಂಚಿನಲ್ಲಿ ಕೂತಿದ್ದ, ಭುಜದ ಮೂಳೆ ಮುರಿದಿತ್ತು. ಮುಖದ ತುಂಬ ಕಣ್ಣೀರು, ಆದರೆ ಅದು ಮೂಳೆಯ ನೋವಿಗೆ ಬಂದದ್ದಲ್ಲ.

"ಖಾಲಿ ಇತ್ತು ಕಣೆ," ಎಂದ. "ನಾನು ಹತ್ತಿದ್ದೇ ಅವಳು ಇಳಿದುಬಿಟ್ಟಳು."

ಆ ಮಾತು ಕೇಳಿ ವ್ಯಾನಮ್ಮ ಅವನನ್ನು ಮಗುವಿನಂತೆ ಎದೆಗವುಚಿಕೊಂಡಳು. ಅವಳಿಗೆ ಅಕ್ಕನ ಮೇಲೆ ಮೊದಲ ಬಾರಿ ಸಿಟ್ಟು ಬಂತು.

ಗಾಡಿ ರಿಪೇರಿಯಾಯಿತು, ಭುಜಕ್ಕೆ ಪಟ್ಟಿ ಬಿತ್ತು. ಮೂಳೆ ಕೂಡಿದ ಮೇಲಿನ ಮೊದಲ ಭಾನುವಾರ ಬೆಳಗ್ಗೆ ವ್ಯಾನಮ್ಮ ಗಂಡನನ್ನು ಹಿಂದಿನ ಸೀಟಿಗೆ ಹತ್ತಿಸಿ, ಸೈಡ್‌ಕಾರಿನ ಕಡೆ ತಿರುಗಿ ಗಟ್ಟಿಯಾಗಿಯೇ ಹೇಳಿದಳು: "ನೋಡಿ ಅಕ್ಕಾ, ಓಡಿಸೋಳು ನಾನು. ಕೂತ್ಕೊಳ್ಳೋದಾದ್ರೆ ಇಬ್ಬರೂ ಕೂತ್ಕೊಳ್ಳಿ."

ಸ್ಪ್ರಿಂಗ್ ಕಿರ್ ಎಂದಿತು.

"ಬಂದ್ಳಾ?" ಎಂದು ಹಿಂದಿನಿಂದ ಗಂಡ ಕೇಳಿದ.

"ಬಂದ್ರು."

ಗಾಡಿ ಕಡಲ ದಂಡೆಯ ರಸ್ತೆ ಹಿಡಿಯಿತು. ಅವನು ಪಕ್ಕಕ್ಕೆ ಬಾಗಿ, ಖಾಲಿ ಸೀಟಿಗೆ ಅಂಗಡಿಯ ಸುದ್ದಿ ಹೇಳತೊಡಗಿದ. ಪಕ್ಕದ ಬೀದಿಯಲ್ಲಿ ಹೊಸ ಕನ್ನಡಕದ ಅಂಗಡಿ ಬಂದದ್ದು, ತನ್ನ ಕಣ್ಣಿಗೇ ಈಗ ಚಾಳೀಸು ಬಂದದ್ದು, ತಾನು ಮತ್ತೆ ಮದುವೆಯಾದದ್ದು. ಎದುರಿಗೆ ಬಂದವರು ಕತ್ತು ತಿರುಗಿಸಿ ನೋಡುತ್ತಿದ್ದರು. ವ್ಯಾನಮ್ಮ ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಗಾಡಿಯ ಭಾರ ಅವಳ ಎರಡು ಕೈಗಳಿಗೂ ಸಮನಾಗಿ ತಿಳಿಯುತ್ತಿತ್ತು. ಒಮ್ಮೆ ಜೋರಾದಾಗ ಟಕ್ ಟಕ್ ಎಂದಿತು, ಅವಳು ನಿಧಾನಿಸಿದಳು.

ಹಾಗೆ ಎಷ್ಟೋ ಭಾನುವಾರಗಳು ಕಳೆದವು. ಗಂಡನ ಮುಖಕ್ಕೆ ಕಳೆ ಬಂತು. ರಾತ್ರಿ ಕನವರಿಸುವುದು ನಿಂತಿತು, ಬೀದಿಯವರ ಜೊತೆ ತಮಾಷೆ ಮಾಡತೊಡಗಿದ.

ಚಳಿ ಶುರುವಾದ ಮೇಲೆ ಒಂದು ಶನಿವಾರ ವ್ಯಾನಮ್ಮ ಪೆಟ್ರೋಲ್ ಹಾಕಿಸಲು ಒಬ್ಬಳೇ ಗಾಡಿ ತೆಗೆದಳು. ತಿರುವಿನಲ್ಲಿ ಸೈಡ್‌ಕಾರ್ ಹಗುರವಾಗಿ ಎದ್ದಿತು. ಹೇಗೋ ಸಂಭಾಳಿಸಿ ಬದಿಗೆ ನಿಲ್ಲಿಸಿದಳು. ಸೀಟು ತಣ್ಣಗಿತ್ತು. ವಾಸನೆ ಇರಲಿಲ್ಲ. "ಅಕ್ಕಾ?" ಎಂದು ಎರಡು ಸಲ ಕರೆದಳು. ರಸ್ತೆಯ ಮೇಲೆ ಅಳುತ್ತಾ ನಿಂತ ಅವಳನ್ನು ನೋಡಿ ಸೈಕಲಿನವನೊಬ್ಬ ಏನಾಯಿತೆಂದು ಕೇಳಿದ. ಕಾಣದವಳು ಹೋಗಿಬಿಟ್ಟಳು ಎಂದರೆ ಯಾರು ಕೇಳುತ್ತಾರೆ?

ಮನೆ ಕಟ್ಟುವ ಜಾಗವೊಂದರಲ್ಲಿ ಬೇಡಿ ಒಂದು ಚೀಲ ಮರಳು ತಂದಳು. ಅದನ್ನು ಹೊದಿಕೆಯಲ್ಲಿ ಸುತ್ತಿ ಸೈಡ್‌ಕಾರಿನ ಸೀಟಿನಡಿ ತುರುಕಿದಳು. ಮಾರನೆಯ ದಿನ ಗಂಡ ಎಂದಿನಂತೆ ಹಿಂದೆ ಹತ್ತಿ, "ಬಂದ್ಳಾ?" ಎಂದು ಕೇಳಿದ. "ಬಂದ್ರು," ಎಂದಳು. ತಿರುವುಗಳಲ್ಲಿ ಗಾಡಿ ನೆಲ ಕಚ್ಚಿಕೊಂಡೇ ಹೋಯಿತು.

ಅವನು ಇಷ್ಟು ದಿನವೂ ಸುದ್ದಿ ಹೇಳುತ್ತಿದ್ದನೇ ಹೊರತು ಉತ್ತರ ಕೇಳಿರಲಿಲ್ಲ. ಅಂದು ಕೇಳಿದ. "ಅವಳು ಏನಾದ್ರೂ ಅಂತಾಳಾ?"

ಏನೋ ಒಂದು ಹೇಳಿದರಾಯಿತೆಂದು ವ್ಯಾನಮ್ಮ ಬಾಯಿ ತೆರೆದಳು. "ಹಿಂದಿನ ಕಿಟಕಿಗೆ ಚಿಲಕ ಹಾಕಿದ್ರಾ, ಬೆಕ್ಕು ಒಳಗೆ ಬಂದು ಗಾಜು ಬೀಳಿಸುತ್ತೆ, ಅಂತಾರೆ."

ಹಿಂದಿನಿಂದ ಅವನ ಕೈ ಅವಳ ಭುಜವನ್ನು ಬಿಗಿಯಾಗಿ ಹಿಡಿಯಿತು. ಅವನ ದನಿ ಬಂತು, ಅಳುತ್ತಾ, ನಗುತ್ತಾ: "ಅಂಗಡಿಗೆ ಬೀಗ ಹಾಕೋವಾಗ ದಿನಾ ಇದೇ ಕೇಳೋಳು. ಆ ಕಿಟಕಿ ಈಗ ಇಲ್ಲ ಕಣೆ. ಅವಳು ತೀರಿಕೊಂಡ ವರ್ಷವೇ ಇಟ್ಟಿಗೆ ಇಟ್ಟು ಮುಚ್ಚಿಸಿದೆ."

ವ್ಯಾನಮ್ಮ ಆ ಕಿಟಕಿಯನ್ನು ಎಂದೂ ಕಂಡಿರಲಿಲ್ಲ. ಆ ಮಾತು ಎಲ್ಲಿಂದ ಬಂತೆಂದು ಅವಳಿಗೆ ತಿಳಿಯಲಿಲ್ಲ. ಬಂದದ್ದಂತೂ ತನ್ನ ಬಾಯಿಂದಲೇ. ಮೈ ಜುಮ್ಮೆಂದಿತು, ಆದರೆ ಹ್ಯಾಂಡಲ್ ಅಲುಗಾಡಲು ಬಿಡಲಿಲ್ಲ. ಭುಜದ ಮೇಲೆ ಗಂಡನ ಕೈ ಇತ್ತು. ಅವಳು ಗಂಟಲು ಸರಿಮಾಡಿಕೊಂಡು, "ಮುಚ್ಚಿಸಿದ್ದು ಒಳ್ಳೇದಾಯ್ತು," ಎಂದು ತನ್ನ ದನಿಯಲ್ಲೇ ಹೇಳಿ, ಅದು ತನ್ನದೇ ಹೌದೋ ಅಲ್ಲವೋ ಎಂದು ಕಿವಿಗೊಟ್ಟು ಕೇಳಿಸಿಕೊಳ್ಳುತ್ತಾ ಗಾಡಿ ಓಡಿಸಿದಳು.